ಮಂಚದ ಮೇಲೆ ಮಲಗಿ ನೋಡುವ ಎ.ಸಿ. ಮೇಸ್ತ್ರಿ

ಬೆಳಗಿನ ಆರು ಗಂಟೆ. ಎ.ಸಿ. ಮೇಸ್ತ್ರಿಯೊಬ್ಬರ ಬಗ್ಗೆ ಪತ್ರಿಕೆಗೆ ಬರೆಯಲು ಅವರ ಜೊತೆ ಬಂದಿದ್ದೇನೆ. ಮೂರನೇ ಮಹಡಿಯ ಮನೆಗೆ ಎ.ಸಿ. ಹಾಕಲು ಬಂದ ಮೇಸ್ತ್ರಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಸೀದಾ ಹೋಗಿ ಮಂಚದ ಮೇಲೆ ಅಂಗಾತ ಮಲಗಿಬಿಟ್ಟಿದ್ದಾರೆ. ಮಂಚದ ಒಡತಿ, ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ, ಪಕ್ಕದ ಕುರ್ಚಿಯಲ್ಲಿ ಕೂತು ನಗುತ್ತಿದ್ದಾರೆ. ಅವರ ಮಗನಿಗೆ ಮಾತ್ರ ನಗು ಬರುತ್ತಿಲ್ಲ.

"ಎದುರುಗಡೆ ಗೋಡೇಲೇ ಪ್ಲಗ್ ಇದೆಯಲ್ರೀ, ಅಲ್ಲೇ ಹಾಕಿ ಮುಗಿಸಿ."

"ಅಲ್ಲಿಂದ ಗಾಳಿ ನೇರ ಅಮ್ಮನ ಮುಖಕ್ಕೇ ಬರುತ್ತೆ ಸಾರ್. ದಿನವಿಡೀ ಇಲ್ಲಿ ಮಲಗೋದು ಅವರು, ಪ್ಲಗ್ ಅಲ್ಲ."

ಇಪ್ಪತ್ತಮೂರು ವರ್ಷಗಳಿಂದ ಇದೇ ಕೆಲಸ. ಯಾವ ಗೋಡೆಗೆ ಬಿಸಿಲು ಮೊದಲು ಬೀಳುತ್ತದೆಂದು ನೋಡಿ ಹೊರಗಿನ ಯೂನಿಟ್ಟಿಗೆ ಜಾಗ ಹುಡುಕಬೇಕು, ಅದಕ್ಕೇ ಇಷ್ಟು ಬೇಗ ಬರುತ್ತಾರೆ. ಉಳಿದವರು ದಿನಕ್ಕೆ ನಾಲ್ಕು ಮನೆ ಮುಗಿಸಿದರೆ ಇವರದು ಎರಡೇ. ಜೊತೆಯವರು 'ಮಲಗೋ ಮೇಸ್ತ್ರಿ' ಎಂದು ಕಾಲೆಳೆಯುತ್ತಾರೆ. ಡ್ರಿಲ್ ಎತ್ತಿ ಹಿಡಿದೂ ಹಿಡಿದೂ ಬಲಭುಜ ಸವೆದಿದೆ.

ಮೊದಲು ಇವರೂ ಪ್ಲಗ್ ನೋಡಿ ಗೋಡೆ ಕೊರೆಯುತ್ತಿದ್ದವರೇ. ಆರು ವರ್ಷದ ಹಿಂದೆ ಹೆಂಡತಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದರು. ಸುಡುಬೇಸಿಗೆ. ಮೇಸ್ತ್ರಿ ಒಂದು ರಜೆಯ ದಿನ ಮಂಚದ ಎದುರಿನ ಗೋಡೆಗೇ ಎ.ಸಿ. ಕೂರಿಸಿ, ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. "ಹೇಗಿದೆ?" ಎಂದಾಗಲೆಲ್ಲ ಆಕೆ "ಸ್ವರ್ಗ" ಎನ್ನುತ್ತಿದ್ದರು. ಎಂಟು ತಿಂಗಳಿಗೆ ತೀರಿಕೊಂಡರು.

ಮಲಗಿದಲ್ಲಿಂದಲೇ ಮೇಸ್ತ್ರಿ ನನಗೆ ಹೇಳುತ್ತಾರೆ: "ಆಮೇಲೊಂದಿನ ಮಗಳು ಬಾಯಿಬಿಟ್ಲು. 'ಅಪ್ಪಾ, ನೀನು ಕೆಲಸಕ್ಕೆ ಹೋದ ತಕ್ಷಣ ಅಮ್ಮ ಅದನ್ನ ಆಫ್ ಮಾಡಿಸ್ತಿದ್ಲು. ಸಂಜೆ ನಿನ್ನ ಸ್ಕೂಟರ್ ಸದ್ದು ಕೇಳಿದ್ರೆ, ಬೇಗ ಹಾಕೇ ಅಂತಿದ್ಲು' ಅಂದ್ಲು."

ಅಂದೇ ಹೆಂಡತಿಯ ಜಾಗದಲ್ಲಿ ಮಲಗಿ ನೋಡಿದರಂತೆ. ಹತ್ತೇ ನಿಮಿಷಕ್ಕೆ ಕತ್ತು ಹಿಡಿದುಕೊಂಡಿತು, ಕಣ್ಣು ಉರಿಯತೊಡಗಿತು.

"ನಾನು ಕೆಳಗೆ ಹಾಸ್ಕೊಂಡು ಮಲಗ್ತಿದ್ದೆ, ಗೊತ್ತೇ ಆಗ್ಲಿಲ್ಲ. ನನ್ನ ಮನಸ್ಸು ನೋಯುತ್ತೆ ಅಂತ ಎಂಟು ತಿಂಗಳು ರಾತ್ರಿಯೆಲ್ಲ ಚಳೀಲಿ ನಡುಗಿದ್ಲು ಸಾರ್."

ಮೇಸ್ತ್ರಿ ಎದ್ದು, ಮಂಚದ ಬದಿಯ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾರೆ.

ಹತ್ತು ಗಂಟೆಯ ಹೊತ್ತಿಗೆ ಎ.ಸಿ. ಓಡುತ್ತಿದೆ. ಅಜ್ಜಿ ಮತ್ತೆ ಮಂಚದ ಮೇಲಿದ್ದಾರೆ.

"ಹೇಗಿದೆ ಅಮ್ಮಾ?" ಮೇಸ್ತ್ರಿ ಕೇಳುತ್ತಾರೆ.

ಅಜ್ಜಿ ಮಗನ ಮುಖ ನೋಡುತ್ತಾರೆ. "ತುಂಬಾ ಚೆನ್ನಾಗಿದೆಯಪ್ಪಾ."

ಮೇಸ್ತ್ರಿ ನಂಬುವುದಿಲ್ಲ. "ಸಾರ್, ಬಾಲ್ಕನಿಗೆ ಹೋಗಿ ಹೊರಗಿನ ಯೂನಿಟ್ ಅಲ್ಲಾಡ್ತಿದೆಯಾ ಸ್ವಲ್ಪ ನೋಡಿ" ಎಂದು ಮಗನನ್ನು ಸಾಗಹಾಕಿ, ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಾರೆ.

"ಮಗ ಆಚೆ ಹೋದ್ರು. ಈಗ ಹೇಳಿ."

ಅಜ್ಜಿ ದನಿ ತಗ್ಗಿಸುತ್ತಾರೆ. "ಕಾಲಿಗೆ ಸ್ವಲ್ಪ ಚಳಿ ಕಣಪ್ಪಾ."

ಮೇಸ್ತ್ರಿಯ ಮುಖ ಅರಳುತ್ತದೆ. ಸ್ಟೂಲು ಹತ್ತಿ, ಗಾಳಿ ತಿರುಗಿಸುವ ಪಟ್ಟಿಗಳನ್ನು ಬೆರಳಿನಿಂದ ಅತ್ತ ಸರಿಸಿ ಕೆಳಗಿಳಿಯುತ್ತಾರೆ. ಆಮೇಲೆ ನನ್ನ ಕಡೆ ನೋಡದೆಯೇ ಹೇಳುತ್ತಾರೆ:

"ಅವಳೂ ಹಿಂಗೆ ಒಂದು ಮಾತು ಹೇಳಿದ್ದಿದ್ರೆ, ಎರಡು ನಿಮಿಷದ ಕೆಲಸ ಸಾರ್."