ನಾನಿದ್ದಾಗ ಮಾತ್ರ ಷುರುವಾಗುತ್ತಿದ್ದ ಏಸಿ

ಇದು ೧೯೯೮ರ ಬೇಸಿಗೆಯ ಮಾತು. ತುಮಕೂರಿನ ಬಟವಾಡಿಯಲ್ಲಿ ನನ್ನದೊಂದು ಫ್ರಿಜ್ ಮತ್ತು ಏಸಿ ರಿಪೇರಿ ಅಂಗಡಿ ಇತ್ತು. ಐಟಿಐ ಮುಗಿಸಿ, ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಆರು ವರ್ಷ ಕೂಲಿಂಗ್ ಪ್ಲಾಂಟ್ ನೋಡಿಕೊಂಡು, ಆಮೇಲೆ ಸ್ವಂತ ಕೆಲಸಕ್ಕೆ ಇಳಿದವನು ನಾನು. ಮನೆಗೆ ಏಸಿ ಹಾಕಿಸುವವರು ಆಗ ಬೆರಳೆಣಿಕೆಯಷ್ಟು. ಯಂತ್ರದ ಸದ್ದು ಕೇಳಿದರೆ ಸಾಕು, ಕಾಯಿಲೆ ಹೇಳಿಬಿಡುತ್ತೇನೆ ಎನ್ನುವ ಜಂಬ ನನಗಿತ್ತು. ಅದನ್ನು ಇಳಿಸಿದ್ದು ಗುಬ್ಬಿಯ ಒಂದು ಮನೆ.

ಅದು ಟೈಲರ್ ಗಂಗಾಧರನ ಮನೆ. ಟೈಲರಿಗೆ ಏಸಿ ಯಾಕೆ ಎಂದು ಮೊದಲು ನಾನೂ ಮೂಗಿನ ಮೇಲೆ ಬೆರಳಿಟ್ಟಿದ್ದೆ. ಮೂವತ್ತೆರಡು ವರ್ಷದ ಗಂಗಾಧರ ಹುಟ್ಟಿದಂದಿನಿಂದ ಬೆವರಿದವನೇ ಅಲ್ಲ. ಅವನ ಮೈಯಲ್ಲಿ ಬೆವರಿನ ಗ್ರಂಥಿಗಳೇ ಇಲ್ಲವೆಂದು ಬೆಂಗಳೂರಿನ ಡಾಕ್ಟರು ಹೇಳಿದ್ದರಂತೆ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಅದಿಲ್ಲದವನಿಗೆ ಬಿಸಿಲೇ ಜ್ವರ. ಮದುವೆಗಳ ಕಾಲದಲ್ಲಿ, ಕೈತುಂಬ ಕೆಲಸ ಬರುವ ಹೊತ್ತಿಗೇ, ಅವನು ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಮಧ್ಯಾಹ್ನವೆಲ್ಲ ಕೂತಿರಬೇಕಾಗುತ್ತಿತ್ತು. ಒಮ್ಮೆ ಬಿಸಿಲಲ್ಲಿ ನಡೆದುಬಂದು ಮೂರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದನಂತೆ. ಮತ್ತೊಮ್ಮೆ ಹಾಗಾದರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು.

ಅವನ ಇಬ್ಬರು ಅಕ್ಕಂದಿರು ಸೇರಿ ಒಂದೂವರೆ ಟನ್ನಿನ ಹಳೆಯ ವಿಂಡೋ ಏಸಿ ಕೊಡಿಸಿದರು. ಫೆಬ್ರವರಿಯಲ್ಲಿ ನಾನೇ ಹೋಗಿ, ಅವನು ಬಟ್ಟೆ ಹೊಲಿಯುವ ಕೋಣೆಯ ಕಿಟಕಿಯಲ್ಲಿ ಅದನ್ನು ಕೂರಿಸಿದೆ. ಗುಬ್ಬಿಯ ಕರೆಂಟಿನ ಹಣೆಬರಹ ಗೊತ್ತಿದ್ದರಿಂದ, ಯಂತ್ರಕ್ಕೆ ಹೊರೆಯಾಗಬಾರದೆಂದು ಹತ್ತರವರೆಗೆ ತಿರುಗುವ ಥರ್ಮೋಸ್ಟಾಟ್ ನಾಬನ್ನು ನಡುವೆ, ಐದರಲ್ಲಿ ನಿಲ್ಲಿಸಿ ಮೇಲೆ ಕಪ್ಪು ಟೇಪು ಸುತ್ತಿದೆ. ಕೋಣೆ ಎಷ್ಟು ತಣ್ಣಗಾದರೆ ಕಂಪ್ರೆಸರ್ ನಿಲ್ಲಬೇಕು, ಎಷ್ಟು ಬಿಸಿಯಾದರೆ ಷುರುವಾಗಬೇಕು ಎಂದು ತೀರ್ಮಾನಿಸುವುದು ಈ ಥರ್ಮೋಸ್ಟಾಟ್. ಅದನ್ನು ಯಾರೂ ಮುಟ್ಟಕೂಡದು ಎಂದು ಗಂಗಾಧರನ ತಾಯಿ ಸಿದ್ದಮ್ಮನವರಿಗೆ ತಾಕೀತು ಮಾಡಿ ಬಂದೆ. ಯಾಕೆ ಮುಟ್ಟಬಾರದು ಎಂದು ಮಾತ್ರ ಹೇಳಲಿಲ್ಲ. ಅವರಿಗೆ ಅರ್ಥವಾಗುವುದಿಲ್ಲ ಎಂದು ನಾನೇ ಅಂದುಕೊಂಡಿದ್ದೆ.

ಮಾರ್ಚ್ ಪೂರ್ತಿ ಏನೂ ತೊಂದರೆಯಿಲ್ಲ. ಏಪ್ರಿಲ್ ಎರಡನೆಯ ವಾರ ಅಂಗಡಿಗೆ ಫೋನ್ ಬಂತು. ಫ್ಯಾನ್ ತಿರುಗುತ್ತದೆ, ಆದರೆ ಒಳಗೆ ‘ಗುಡ್’ ಅಂತ ಸದ್ದು ಬಂದು ಷುರುವಾಗುವುದಿಲ್ಲ, ತಂಪೂ ಬರುವುದಿಲ್ಲ ಎಂದ ಗಂಗಾಧರ. ಅಂದರೆ ಕಂಪ್ರೆಸರ್ ಎದ್ದಿಲ್ಲ. ಮೊಪೆಡ್ ಹತ್ತಿ ಹೊರಟೆ. ಗುಬ್ಬಿ ಇಪ್ಪತ್ತು ಕಿಲೋಮೀಟರು. ಬೀದಿಯ ತುದಿಯಲ್ಲೇ ನನ್ನ ಮೊಪೆಡ್ಡಿನ ಸದ್ದು ಕೇಳಿಸಿತ್ತೇನೋ, ನಾನು ಮನೆ ಮುಟ್ಟುವಷ್ಟರಲ್ಲಿ ಸಿದ್ದಮ್ಮ ಬಾಗಿಲಲ್ಲಿ ನಿಂತಿದ್ದರು. ಮಜ್ಜಿಗೆ ಕೊಟ್ಟರು. ಕುಡಿದು ಸ್ವಿಚ್ ಹಾಕಿದೆ. ಸ್ವಿಚ್ ಹಾಕಿದಾಗಲೆಲ್ಲ ಕರೆಂಟನ್ನು ತಡೆದು ಬಿಡುವ ಸ್ಟೆಬಿಲೈಸರು ತನ್ನ ಮೂರು ನಿಮಿಷ ಕಾಯಿಸಿತು. ಆಮೇಲೆ ಏಸಿ ‘ಗುಡ್’ ಎಂದು ಎದ್ದು ತಂಗಾಳಿ ಬಿಟ್ಟಿತು. ಸುಮ್ಮನೆ ಬಂದೆ ಅನ್ನಿಸಿಕೊಳ್ಳಬಾರದಲ್ಲ, ಕಂಪ್ರೆಸರನ್ನು ಎಬ್ಬಿಸುವ ಕೆಪಾಸಿಟರ್ ಬದಲಾಯಿಸಿ ಬಂದೆ. ಹಳೆಯದು ಚೆನ್ನಾಗಿಯೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮಾರನೆಯ ದಿನವೇ ಮತ್ತೆ ಫೋನು. ಮತ್ತೆ ಹೋದೆ, ಮತ್ತೆ ಷುರುವಾಯಿತು. ಒಂದು ಗಂಟೆ ಕೂತೆ. ನಿಲ್ಲುವುದು, ಏಳುವುದು ಎಲ್ಲ ಲೆಕ್ಕಕ್ಕೆ ಸರಿಯಾಗಿತ್ತು. ನಾನಿಲ್ಲದಾಗಲೂ ಕೆಲವು ದಿನ ಮಧ್ಯಾಹ್ನ ಮೂರರ ಮೇಲೆ ಅದು ತಾನಾಗಿಯೇ ಷುರುವಾಗುತ್ತದೆ ಎಂದರು. ನನಗೆ ಅಷ್ಟೇ ಸಾಕಾಯಿತು, ವೋಲ್ಟೇಜಿನ ಮೇಲೆ ಹಾಕಿದೆ. ಮೀಟರು ಇನ್ನೂರ ಹದಿನೈದು ವೋಲ್ಟ್, ಅಂದರೆ ಸಾಕಷ್ಟು ತೋರಿಸುತ್ತಿದ್ದರೂ ಹಾಗೆಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಾಲದ್ದಕ್ಕೆ, ಮೂರು ನಿಮಿಷ ಕಾಯುವ ತಾಳ್ಮೆ ನಿಮಗಿಲ್ಲ ಎಂದು ಅವರನ್ನೇ ಗದರಿಸಿ ಬಂದೆ.

ಎರಡು ದಿನ ಕಳೆದ ಮೇಲೆ ಗಂಗಾಧರನ ದೊಡ್ಡಕ್ಕ ಫೋನ್ ಮಾಡಿದರು. ಹಿಂದಿನ ಮಧ್ಯಾಹ್ನ ಅವನು ಹೊಲಿಗೆ ಮಿಷನ್ ಮೇಲೆಯೇ ಕುಸಿದು ಬಿದ್ದಿದ್ದ. ಜ್ವರ ನೂರಾನಾಲ್ಕು. ನರ್ಸಿಂಗ್ ಹೋಮಿನಲ್ಲಿ ಒಂದು ರಾತ್ರಿ ಇಟ್ಟುಕೊಂಡು ಕಳಿಸಿದ್ದರು. ಆಕೆ ನನ್ನನ್ನು ಬೈಯಲಿಲ್ಲ. "ಅಣ್ಣ, ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳ್‌ಬುಡಿ. ಏಸಿ ಐತೆ ಅಂತ ನಂಬ್ಕೊಂಡು ಕೋಣೇಲಿ ಕೂರೋದ್ಕಿಂತ ಅವ್ನು ತೊಟ್ಟೀಲಿ ಕೂರೋದೇ ವಾಸಿ" ಎಂದರು. ಫೋನ್ ಇಟ್ಟಮೇಲೆ ನನಗೆ ನಿಜಕ್ಕೂ ನಾಚಿಕೆಯಾಯಿತು, ಭಯವೂ ಆಯಿತು.

ಆ ದಿನ ಬೇರೆ ಕೆಲಸ ಮುಟ್ಟಲಿಲ್ಲ. ಅಂಗಡಿಯಲ್ಲಿ ಕೂತು ಯೋಚಿಸಿದೆ. ನಾನಿದ್ದರೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಯಂತ್ರಕ್ಕೆ ನನ್ನ ಮುಖ ಪರಿಚಯ ಇಲ್ಲವಲ್ಲ! ಹಾಗಾದರೆ ನಾನು ಬಂದಾಗ ಆ ಕೋಣೆಯಲ್ಲಿ ಬೇರೇನೋ ಬದಲಾಗುತ್ತಿದೆ. ಅದೇನು? ಇಷ್ಟು ದಿನ ಯಂತ್ರದೊಳಗೆ ಇಣುಕಿದ್ದೆನೇ ಹೊರತು ಸುತ್ತ ಕಣ್ಣಾಡಿಸಿರಲಿಲ್ಲ. ಒಮ್ಮೆ ಆ ಪ್ರಶ್ನೆ ಹುಟ್ಟಿದ್ದೇ ತಡ, ಕೂತಲ್ಲಿ ಕೂರಲಾಗಲಿಲ್ಲ.

ಮಾರನೆಯ ದಿನ ಹೇಳದೆ ಕೇಳದೆ ಹೊರಟೆ. ಮೊಪೆಡ್ ಬಿಟ್ಟು ಬಸ್ಸು ಹತ್ತಿದೆ, ಗುಬ್ಬಿ ಬಸ್‌ಸ್ಟ್ಯಾಂಡಿನಿಂದ ನಡೆದೆ. ಗಂಟೆ ಹನ್ನೆರಡೂವರೆ, ಸುಡುಬಿಸಿಲು. ಬಾಗಿಲು ತಟ್ಟಿದಾಗ ಗಂಗಾಧರನೇ ತೆಗೆದ, ಮುಖ ಕೆಂಡದಂತೆ ಕೆಂಪಗಿತ್ತು. ನನ್ನನ್ನು ಕಂಡಿದ್ದೇ ಸಿದ್ದಮ್ಮ ಗಾಬರಿಯಾಗಿ ಕಿಟಕಿಯತ್ತ ಓಡಿದರು. ಬರೀ ಫ್ಯಾನ್ ತಿರುಗುತ್ತಿದ್ದ ಏಸಿಯ ಮುಂಭಾಗಕ್ಕೆ ಅಡ್ಡಲಾಗಿ ನೀರು ತೊಟ್ಟಿಕ್ಕುವ ದೊಡ್ಡ ಟವೆಲ್ಲೊಂದು ಮೊಳೆಗಳಿಂದ ಇಳಿಬಿದ್ದಿತ್ತು. ಅದನ್ನು ಎಳೆದು ಸುರುಳಿ ಮಾಡಲು ಹೋದರು.

"ಅಮ್ಮಾ, ಅದನ್ನ ತೆಗೀಬೇಡಿ. ಹಂಗೇ ಇರ್ಲಿ" ಎಂದೆ.

ಸಂಕೋಚದಿಂದಲೇ ವಿಷಯ ಹೇಳಿದರು. ಏಸಿ ಬರುವ ಮುಂಚೆ ಆ ಕಿಟಕಿಗೆ ಬೇಸಿಗೆಯುದ್ದಕ್ಕೂ ಮಡಕೆ ನೀರಲ್ಲಿ ಅದ್ದಿದ ಟವೆಲ್ ಕಟ್ಟುತ್ತಿದ್ದರು. ಮಗ ತೊಟ್ಟಿಲಲ್ಲಿದ್ದಾಗಿನಿಂದ ಹಾಗೇ. ಏಪ್ರಿಲ್ ಕಾಲಿಟ್ಟಾಗ ಏಸಿಗೂ ಸ್ವಲ್ಪ ಆಸರೆಯಾಗಲಿ ಎಂದು ಅದೇ ಮೊಳೆಗೆ ಅದೇ ಟವೆಲ್ ಹಾಕಿದ್ದರು. ಹೊರಗಿನವರು ಬಂದಾಗ ಒದ್ದೆ ಬಟ್ಟೆ ಕಣ್ಣಿಗೆ ಬಿದ್ದರೆ ಚೆನ್ನಾಗಿರುತ್ತದೆಯೇ? ಮೊಪೆಡ್ ಸದ್ದು ಕೇಳಿದೊಡನೆ ತೆಗೆದು ಮನೆ ಒಪ್ಪ ಮಾಡುತ್ತಿದ್ದರು. ಮಧ್ಯಾಹ್ನ ಊಟವಾಗಿ ಅವರು ಅಡ್ಡಾದಾಗ ಟವೆಲ್ ಒಣಗುತ್ತಿತ್ತು. ಮೂರು ಗಂಟೆಯ ಗುಟ್ಟೂ ಅದೇ.

ಮುಂದಿನ ಜಾಲರಿ ಬಿಚ್ಚಿ ಇಬ್ಬರನ್ನೂ ಹತ್ತಿರ ಕರೆದೆ. ಕೋಣೆಯ ಗಾಳಿ ಒಳಗೆ ಹೋಗುವ ಜಾಗದಲ್ಲಿ ಪೆನ್ನಿನ ರೀಫಿಲ್ಲಿನಂಥ ತಾಮ್ರದ ಕಡ್ಡಿಯೊಂದಿರುತ್ತದೆ. ಥರ್ಮೋಸ್ಟಾಟಿಗೆ ಬಿಸಿ ತಂಪು ತಿಳಿಸುವುದು ಅದು. ಒದ್ದೆ ಟವೆಲ್ಲಿನ ಮೂಲಕ ನುಗ್ಗಿದ ಗಾಳಿ ತಣ್ಣಗಾಗಿ ಆ ಕಡ್ಡಿಗೆ ತಾಗುತ್ತಿತ್ತು. ಕೋಣೆಯೇ ತಂಪಾಗಿದೆ ಎಂದುಕೊಂಡು ಕಂಪ್ರೆಸರ್ ಮಲಗಿರುತ್ತಿತ್ತು. ಒಳಗೆ ಕೂತ ಗಂಗಾಧರನಿಗೆ ಸಿಗುತ್ತಿದ್ದದ್ದು ಬಾಗಿಲು ಮುಚ್ಚಿದ ಕೋಣೆಯ ಬೇಗೆ, ಜೊತೆಗೆ ತೇವ. ಆ ತಣ್ಣನೆಯ ಕಡ್ಡಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದೆ. ಕೈಯ ಬಿಸಿಗೆ ಅರ್ಧ ನಿಮಿಷದಲ್ಲಿ ಯಂತ್ರ ‘ಗುಡ್’ ಎಂದು ಎದ್ದಿತು. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿ.

ತಿರುಗಿ ನೋಡಿದರೆ ಸಿದ್ದಮ್ಮ ನೆಲದ ಮೇಲೆ ಕೂತುಬಿಟ್ಟಿದ್ದರು. "ಹಂಗಾದ್ರೆ ನನ್ ಮಗನ್ನ ಬೀಳ್ಸಿದ್ದು ನಾನೇಯಾ?" ಎಂದು ಕೇಳಿದರು.

ನನ್ನ ಖುಷಿ ಜರ್ರನೆ ಇಳಿಯಿತು. ಅವರೆದುರು ಕೂತು ಹೇಳಿದೆ, ತಪ್ಪು ನನ್ನದು ಎಂದು. ನಾಬಿಗೆ ಟೇಪು ಸುತ್ತಿದವನು ನಾನು, ಒಳಗೇನಿದೆ ಎಂದು ತೋರಿಸದವನು ನಾನು, ಎರಡು ಸಲ ಬಂದರೂ ನೀವು ದಿನವಿಡೀ ಇಲ್ಲಿ ಏನು ಮಾಡುತ್ತೀರಿ ಎಂದು ಒಂದು ಮಾತು ಕೇಳದವನೂ ನಾನೇ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ, ಏಸಿಯ ಬಗ್ಗೆ ಅಲ್ಲಿಯವರೆಗೆ ಯಾವ ಗಿರಾಕಿಯೂ ನನ್ನನ್ನು ಕೇಳದ ಪ್ರಶ್ನೆ ಕೇಳಿದರು: "ಕರೆಂಟ್ ಹೋದ್ರೆ ಏನ್ ಮಾಡ್ಲಪ್ಪಾ?"

ಆಗ ಗುಬ್ಬಿಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕರೆಂಟಿರುತ್ತಿರಲಿಲ್ಲ. ಅಷ್ಟು ಹೊತ್ತು ಗಂಗಾಧರನ ಗತಿಯೇನು ಎಂದು, ಯಂತ್ರ ಕೂರಿಸಿದ ನಾನು ಯೋಚಿಸಿಯೇ ಇರಲಿಲ್ಲ. ಉತ್ತರ ಅವರ ಕೈಯಲ್ಲೇ ಇತ್ತು. "ಆಗ ಟವೆಲ್ಲೇ ಗತಿ ಅಮ್ಮಾ. ಬಾಗಿಲು ತೆಗೆದು ಅವನ ಮೈಮೇಲೆ ಹಾಕಿ, ಮೆಷಿನ್ ಮೇಲೆ ಬೇಡ" ಎಂದೆ.

ಆ ಮೇ ತಿಂಗಳಲ್ಲಿ ಗಂಗಾಧರ ಮೊದಲ ಬಾರಿಗೆ ಮದುವೆಗಳ ಕಾಲ ಮುಗಿಯುವವರೆಗೆ ಮಿಷನ್ ಬಿಟ್ಟೇಳದೆ ಹೊಲಿದ. ಅಂದಿನಿಂದ ನಾನು ಯಾರ ಮನೆಗೆ ಹೋದರೂ ಸ್ಕ್ರೂಡ್ರೈವರ್ ತೆಗೆಯುವ ಮುಂಚೆ ಮನೆಯವರನ್ನು ಕೂರಿಸಿಕೊಂಡು, ಈ ಯಂತ್ರ ಬರುವ ಮೊದಲು ಏನು ಮಾಡುತ್ತಿದ್ದಿರಿ ಎಂದು ಕೇಳುತ್ತೇನೆ. ನಾನು ಹೋಗುವುದಕ್ಕೆ ಮೂವತ್ತೆರಡು ವರ್ಷ ಮುಂಚಿನಿಂದ ಗುಬ್ಬಿಯ ಆ ಮನೆಯಲ್ಲಿ ಒಬ್ಬರು ಈ ತಂಪು ಮಾಡುವ ಕೆಲಸವನ್ನೇ ಮಾಡುತ್ತಿದ್ದರು, ಒಂದು ದಿನವೂ ರಜೆಯಿಲ್ಲದೆ. ಅವರನ್ನು ನಾನು ಮಜ್ಜಿಗೆ ಕೊಡುವವರು ಎಂದಷ್ಟೇ ತಿಳಿದಿದ್ದೆ.