ಸುಣ್ಣದಪ್ಪನೂ ಹಿತ್ತಾಳೆ ಬಟ್ಟಲೂ

ಕೈರೋದ ಬೂಲಾಕ್ ಪೇಟೆಯಲ್ಲಿ ನೊಣಗಳು ಕೂಡ ಬಯ್ಯೂಮಿ ಎಫೆಂದಿಯವರ ಗುರುತು ಹಿಡಿಯುತ್ತಿದ್ದವು ಎಂದು ಹೇಳುವವರಿದ್ದಾರೆ. ಅದು ಸ್ವಲ್ಪ ಹೆಚ್ಚಾಯಿತು. ಮನುಷ್ಯರಂತೂ ಗುರುತು ಹಿಡಿಯುತ್ತಿದ್ದರು, ಅದೂ ಮೂಗಿನಿಂದ. ಬೆಳಿಗ್ಗೆ ಎದ್ದು ಕರವಸ್ತ್ರಕ್ಕೆ ನಾಲ್ಕು ಹನಿ ಫಿನೈಲ್ ಹಾಕಿಕೊಳ್ಳದೆ ಅವರು ಮನೆಯಿಂದ ಹೊರಬಿದ್ದವರಲ್ಲ. ಅವರಿಗಿಂತ ಮೊದಲು ಅವರ ವಾಸನೆ ಓಣಿಗೆ ಕಾಲಿಡುತ್ತಿತ್ತು.

ಎಫೆಂದಿ ಎಂಬುದು ಓದಿದ ನೌಕರರಿಗೆ ಜನ ಕೊಡುವ ಗೌರವದ ಹೆಸರು; ಆರೋಗ್ಯ ಇಲಾಖೆಯಲ್ಲಿ ಅವರು ಸಹಾಯಕ ಇನ್‌ಸ್ಪೆಕ್ಟರು. ತಲೆಗೆ ಕೆಂಪು ಟರ್ಬೂಷ್ ಟೋಪಿ, ಉರಿಬೇಸಿಗೆಯಲ್ಲೂ ಕರಿ ಕೋಟು, ಕೈಯಲ್ಲಿ ಸುಣ್ಣದ ಡಬ್ಬಿ, ಒಂದು ಬ್ರಷ್ಷು. ಯಾರ ಮನೆ ಮುಂದೆ ಕೊಚ್ಚೆ ನಿಂತಿದೆಯೋ ಅವರ ಗೋಡೆಯ ಮೇಲೆ ತಟ್ಟೆಯಷ್ಟು ದೊಡ್ಡ ಸೊನ್ನೆ ಬರೆದು ಮುಂದೆ ಹೋಗುತ್ತಿದ್ದರು. ಹೆಣ್ಣು ನೋಡಲು ಬರುವವರ ಕಣ್ಣಿಗೆ ಮನೆ ಬಾಗಿಲಲ್ಲಿ ಸೊನ್ನೆ ಕಂಡರೆ ಹೇಗೆ? ಉಜ್ಜಿದರೆ ಹೋಗುವುದಿಲ್ಲ. ಹಾಗಾಗಿ ಜನ ಆ ಸೊನ್ನೆಯನ್ನು ಮುಚ್ಚಲು ಇಡೀ ಗೋಡೆಗೇ ಸುಣ್ಣ ಬಳಿದರು. ಪಕ್ಕದವರ ಗೋಡೆ ಬೆಳಗಾಗಿದ್ದು ಕಂಡು ಸೊನ್ನೆ ಬೀಳದವರೂ ಬಳಿದರು. ಎರಡೇ ವರ್ಷದಲ್ಲಿ ನಮ್ಮ ಕುಂಬಾರರ ಓಣಿ ಬೂಲಾಕಿಗೇ ಬೆಳ್ಳಗಿನ ಓಣಿಯಾಯಿತು. ಬಿಳಿ ಗೋಡೆಯ ಮೇಲೆ ಬಿಳಿ ಸೊನ್ನೆ ಕಾಣುವುದಿಲ್ಲವಲ್ಲ, ಎಫೆಂದಿಯವರು ಇದ್ದಿಲು ಹಿಡಿದು ಬರತೊಡಗಿದರು. ಆದರೆ ಅಷ್ಟರಲ್ಲಿ ಜನ ಇಟ್ಟ ಹೆಸರು ಗಟ್ಟಿಯಾಗಿತ್ತು: ಸುಣ್ಣದಪ್ಪ.

ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಲಂಚ ಮುಟ್ಟಿದವರಲ್ಲ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಒಂದೇ ದೋಷವೆಂದರೆ ಬಾಯಿ. ಕ್ರಿಮಿಗಳ ವಿಷಯ ಬಂತೆಂದರೆ ಅವರ ಬಾಯಿಗೆ ಬೀಗ ಹಾಕುವ ಗಂಡಸು ಬೂಲಾಕಿನಲ್ಲಿ ಹುಟ್ಟಿರಲಿಲ್ಲ. ಸತ್ತವರ ಮನೆಗೆ ಹೋದರೂ ಸಾವು ಎಲ್ಲಿಂದ ಬಂತು, ನೀರಿನಿಂದಲೋ ನೊಣದಿಂದಲೋ ಎಂದು ವಿವರಿಸಿಯೇ ಎದ್ದು ಬರುತ್ತಿದ್ದರು. ಮದುವೆ ಆಗಿರಲಿಲ್ಲ. ಹೆಣ್ಣಿನ ಮನೆಯಲ್ಲಿ ಕೊಟ್ಟ ಶರಬತ್ತಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರಂತೆ. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಓಣಿಯ ಬಾಯಲ್ಲೇ ಶಲಬಿಯ ಕಾಫಿ ಅಂಗಡಿ. ಫಿನೈಲ್ ವಾಸನೆ ಬಂದ ಕೂಡಲೇ ಶಲಬಿ ತನ್ನ ಹಿತ್ತಾಳೆ ತಟ್ಟೆಯನ್ನು ಎರಡು ಸಲ ಬಡಿಯುತ್ತಿದ್ದ. ಟಣ್, ಟಣ್. ಅಷ್ಟು ಸಾಕು. ಅವರೆ ಬೇಯಿಸಿ ಮಾರುವವನ ಹಂಡೆಗೆ ಮುಚ್ಚಳ ಬರುತ್ತಿತ್ತು, ಕುರಿಯ ಈಲಿ ಹುರಿಯುವವನ ಹೆಗಲಿಗೆ ಶುಭ್ರವಾದ ಬಟ್ಟೆ ಬರುತ್ತಿತ್ತು, ಮಾಳಿಗೆಯ ಮೇಲಿನ ಆಡುಗಳು ಎಲ್ಲಿಗೆ ಹೋಗುತ್ತಿದ್ದವೋ ದೇವರೇ ಬಲ್ಲ. ಎಫೆಂದಿಯವರಿಗೆ ಈ ಟಣ್ ಟಣ್ ಗೊತ್ತಿರಲಿಲ್ಲವೆಂದಲ್ಲ. ದಿನಕ್ಕೆ ಅರ್ಧ ಗಂಟೆಯಾದರೂ ಓಣಿ ಚೊಕ್ಕಟವಾಗಿರುತ್ತದಲ್ಲ ಎಂದು ಸುಮ್ಮನಿದ್ದರು. ಬೇಕೆಂದೇ ಕೆಲವು ದಿನ ಎರಡು ಸಲ ಬರುತ್ತಿದ್ದರು.

ನಲವತ್ತೇಳನೆಯ ಇಸವಿಯಲ್ಲಿ, ಖರ್ಜೂರ ಹಣ್ಣಾಗುವ ಹೊತ್ತಿಗೆ, ದೇಶಕ್ಕೆ ಕಾಲರಾ ಬಂತು. ಆಗ ನಗು ಕಡಿಮೆಯಾಯಿತು. ಬೀದಿಬದಿಯ ನೀರಿನ ಗುಡಾಣಗಳನ್ನೆಲ್ಲ ಎತ್ತಿಸಬೇಕು, ನೂರು ಬಾಯಿ ಮುಟ್ಟುವ ಬಟ್ಟಲುಗಳನ್ನು ವಶಪಡಿಸಿಕೊಳ್ಳಬೇಕು ಎಂದು ಮೇಲಿನವರ ಹುಕುಂ ಬಂತು. ಕುಂಬಾರರ ಓಣಿಯಲ್ಲಿ ಅಂಥ ಅರವಟ್ಟಿಗೆ ಒಂದೇ ಒಂದು, ನಾಲ್ಕನೆಯ ಬಾಗಿಲಲ್ಲಿ. ಅದನ್ನು ಇಟ್ಟವಳು ಘಾನಿಂನ ತಾಯಿ. ಮಗನ ಹೆಸರಿನಿಂದಲೇ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು, ಮಗ ಸತ್ತು ಆರು ವರ್ಷವಾಗಿದ್ದರೂ. ಮರದ ಮೂರುಕಾಲು ಪೀಠದ ಮೇಲೆ ಸೊಂಟದೆತ್ತರದ ಮಣ್ಣಿನ ಗುಡಾಣ, ಅದರ ಕತ್ತಿಗೆ ಸರಪಳಿ, ಸರಪಳಿಗೆ ಹಿತ್ತಾಳೆ ಬಟ್ಟಲು. ದಾರಿಹೋಕರು ಮೊಗೆದು ಕುಡಿಯಬೇಕು, ಕುಡಿದವರು 'ಘಾನಿಂಗೆ ಅಲ್ಲಾಹ್ ಕರುಣೆ ತೋರಲಿ' ಎನ್ನಬೇಕು. ಇಲ್ಲಿ ಕುಡಿದ ನೀರು ಅಲ್ಲಿ ಅವನಿಗೆ ಮುಟ್ಟುತ್ತದೆ. ಆಕೆ ಬಾಗಿಲ ಹಿಂದೆ ಕುಳಿತು ಆ ಮಾತನ್ನು ಕೇಳಿಸಿಕೊಳ್ಳುತ್ತಿದ್ದಳು. ದಿನಕ್ಕೆ ಎಷ್ಟು ಸಲ ಎಂದು ಆಕೆಗೆ ಗೊತ್ತಿರುತ್ತಿತ್ತು.

ಆಕೆಯ ಅರವಟ್ಟಿಗೆ ಹೋಗುತ್ತದೆಂದು ಓಣಿಗೆ ಓಣಿಯೇ ಮರುಗಿತು. ಉಪಾಯ ಹೊಳೆದದ್ದು ಶಲಬಿಗೆ. ಗುಡಾಣ ತೆಗೆದಾಯಿತು ಎಂದು ಎಫೆಂದಿಯವರಿಗೆ ಹೇಳುವುದು. ಟಣ್ ಟಣ್ ಕೇಳಿದ ಕೂಡಲೇ ಗುಡಾಣದ ಮೇಲೆ ಹೆಂಗಸರು ಹೊದ್ದುಕೊಳ್ಳುವ ಕರಿ ಮಿಲಾಯ ಹೊದಿಸುವುದು. ಮುಚ್ಚಳದ ಗುಬಟು ತಲೆಯಂತೆ ಕಾಣುತ್ತಿತ್ತು, ಗುಡಾಣದ ಹೊಟ್ಟೆ ಹೊಟ್ಟೆಯಂತೆಯೇ ಕಾಣುತ್ತಿತ್ತು. ಯಾರು ನೋಡಿದರೂ ಬಾಗಿಲಲ್ಲಿ ಒಬ್ಬ ದಪ್ಪ ಮುದುಕಿ ಗೋಡೆಗೆ ಮುಖ ಮಾಡಿ ಕುಳಿತಿದ್ದಾಳೆ ಎನ್ನಬೇಕು.

ಬಯ್ಯೂಮಿ ಎಫೆಂದಿಯವರ ಮರ್ಯಾದೆಯೇ ಅವರಿಗೆ ಮುಳುವಾಯಿತು. ಪರಸ್ತ್ರೀಯನ್ನು ದಿಟ್ಟಿಸಿ ನೋಡುವವರಲ್ಲ. ಮೊದಲ ದಿನ ನೆಲ ನೋಡುತ್ತ 'ಸಲಾಂ ತಾಯೀ' ಎಂದು ಮುಂದೆ ಹೋದರು. ಎರಡನೆಯ ದಿನವೂ ಹಾಗೆಯೇ. ಮುದುಕಿ ಉತ್ತರ ಕೊಡುವುದಿಲ್ಲ. ಕಿವಿ ಮಂದವಿರಬೇಕೆಂದು ಮೂರನೆಯ ದಿನ ಸ್ವಲ್ಪ ಗಟ್ಟಿಯಾಗಿ ಹೇಳಿದರು. ಕಾಫಿ ಅಂಗಡಿಯ ಜಗಲಿಯಲ್ಲಿ ಕುಳಿತವರು ಹುಕ್ಕಾದ ನಳಿಗೆ ಕಚ್ಚಿ ನಗು ತಡೆದುಕೊಂಡರು.

ನೆಲ ನೋಡುವವರಿಗೆ ನೆಲದ ಮೇಲಿರುವುದು ಕಾಣದೆ ಹೋಗುವುದಿಲ್ಲ. ಮಣ್ಣಿನ ಗುಡಾಣವೆಂದ ಮೇಲೆ ನೀರು ಜಿನುಗುತ್ತದೆ. ವಾರದ ಕೊನೆಗೆ ಅವರು ಶಲಬಿಯನ್ನು ಪಕ್ಕಕ್ಕೆ ಕರೆದು, ಧ್ವನಿ ತಗ್ಗಿಸಿ, ನಾಲ್ಕನೆಯ ಬಾಗಿಲ ಮುದುಕಮ್ಮನಿಗೆ ಮೂತ್ರದ ತೊಂದರೆ ಇದ್ದಂತಿದೆ, ಮನೆಯವರಿಗೆ ನಾಜೂಕಾಗಿ ತಿಳಿಸಿ, ಆಸ್ಪತ್ರೆಗೆ ಚೀಟಿ ನಾನು ಬರೆದುಕೊಡುತ್ತೇನೆ ಎಂದರು. ಶಲಬಿ ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ.

"ಏನ್ ಮಾಡೋದು ಎಫೆಂದಿ, ಬೆಳಿಗ್ಗೆಯಿಂದ ಸಂಜೆವರೆಗೂ ಆಕೆ ಹೊಟ್ಟೇಲಿ ಬರೀ ನೀರೇ."

ಚೀಟಿಯನ್ನು ಅವರು ನಿಜವಾಗಿಯೂ ಬರೆದರು. ಅದನ್ನು ಕೊಡಲು ಬಂದ ದಿನವೇ ಗುಟ್ಟು ಬಯಲಾಯಿತು. ನದಿಯ ದಕ್ಕೆಯಿಂದ ಮೂಟೆ ಹೊತ್ತು ಬಂದ ಹಮಾಲನೊಬ್ಬ, ಅರವಟ್ಟಿಗೆಯನ್ನು ಬಲ್ಲವನು ಆದರೆ ಟಣ್ ಟಣ್ ಅರ್ಥ ತಿಳಿಯದವನು, ಬಾಯಾರಿ ಸಾಯುತ್ತಿದ್ದವನು, ಅವರ ಕಣ್ಣೆದುರೇ ಮುದುಕಿಯ ಬಳಿ ಹೋಗಿ ಆಕೆಯ ತಲೆಯನ್ನು ಎತ್ತಿ ಪಕ್ಕಕ್ಕಿಟ್ಟ. ಒಳಗೆ ಕೈಹಾಕಿ ಒಂದು ಬಟ್ಟಲು ನೀರು ಮೊಗೆದು ಗಟಗಟ ಕುಡಿದ. 'ಘಾನಿಂಗೆ ಅಲ್ಲಾಹ್ ಕರುಣೆ ತೋರಲಿ' ಎಂದು ಬಾಯೊರೆಸಿಕೊಂಡು ತಲೆಯನ್ನು ಮೊದಲಿನಂತೆಯೇ ಇಟ್ಟು ಹೊರಟುಹೋದ.

ಜಗಲಿಯ ಮೇಲಿದ್ದವರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಎಫೆಂದಿಯವರ ಮುಖ ಟರ್ಬೂಷಿನ ಬಣ್ಣಕ್ಕೆ ತಿರುಗಿತು. ಅವಮಾನವನ್ನು ಅವರು ನುಂಗಿಕೊಳ್ಳಬಲ್ಲವರು, ಆದರೆ ಅದು ಕಾಲರಾದ ಕಾಲ. ಮಿಲಾಯವನ್ನು ಕಿತ್ತೆಸೆದರು. ಗುಡಾಣ ಇವತ್ತೇ ಒಡೆಯಬೇಕು, ಬಟ್ಟಲು ಈಗಲೇ ನನ್ನ ಕೈಗೆ ಬರಬೇಕು ಎಂದರು. ನಗು ತಟ್ಟನೆ ನಿಂತಿತು.

ಘಾನಿಂನ ತಾಯಿ ಹೊರಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಒಂದು ಮಾತು ಕೇಳಿ ಎಫೆಂದಿ, ಆಮೇಲೆ ತಗೊಂಡ್ಹೋಗಿ. ನನ್ನ ಮಗ ಜ್ವರದಲ್ಲಿ ಒಂಬತ್ತು ದಿನ ನೀರು ಕೇಳ್ದ. ಜ್ವರಕ್ಕೆ ನೀರು ಕೊಡಬಾರದು ಅಂದ್ರು, ಹಿರಿಯರೆಲ್ಲ ಅಂದ್ರು. ನಾನು ಕೊಡಲಿಲ್ಲ. ಕೊನೇ ದಿನ ನನ್ನ ಒದ್ದೆ ಸೆರಗು ಕಚ್ಕೊಂಡು ಚೀಪ್ದ, ಅದನ್ನೂ ಬಿಡಿಸ್ಕೊಂಡೆ. ಈಗ ದಾರೀಲಿ ಹೋಗೋರಿಗೆಲ್ಲ ಕೊಡ್ತಿದ್ದೀನಿ."

ಎಫೆಂದಿಯವರು ಹುದ್ದೆಯ ಅಭ್ಯಾಸಬಲದಿಂದ ಕೇಳಿದರು: ಎಂಥ ಜ್ವರ, ಯಾವ ತಿಂಗಳು, ಹುಡುಗ ನೀರು ಕುಡಿಯುತ್ತಿದ್ದುದು ಎಲ್ಲಿಂದ. ಹೊಟ್ಟೆಯ ಜ್ವರ, ಬೇಸಿಗೆಯಲ್ಲಿ ಎಂದಳು. ಎಲ್ಲಿಂದ ಎಂದರೇನು, ಇದೇ ಗುಡಾಣದಿಂದ, ಆಗ ಇದು ಘಾನಿಂನ ತಂದೆಯ ಹೆಸರಲ್ಲಿತ್ತು. ಇದೇ ಬಟ್ಟಲಿನಿಂದ, ಎಳೆತನದಿಂದಲೂ ಅವನಿಗೆ ಇದೇ ಬೇಕಿತ್ತು ಎಂದಳು.

ಅವರಿಗೆ ಎಲ್ಲವೂ ಒಂದೇ ಕ್ಷಣದಲ್ಲಿ ಹೊಳೆಯಿತು. ನೂರು ಬಾಯಿ, ಒಂದು ಬಟ್ಟಲು, ಹೊಟ್ಟೆಯ ಜ್ವರ. ಜಗಲಿಯ ಜನ ಈಗ ಶುರುವಾಗುತ್ತದೆ ಉಪನ್ಯಾಸ ಎಂದು ಕಾದರು. ಅವರು ಬಾಯಿ ತೆರೆದರು. ತೆರೆದ ಬಾಯಿ ಹಾಗೆಯೇ ಇತ್ತು. ಆಮೇಲೆ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು, ಫಿನೈಲ್ ಕಣ್ಣಿಗೆ ಹತ್ತಿ ನೀರು ಸುರಿಯಿತು, ಬಾಯಿ ಮುಚ್ಚಿದರು. ಬಯ್ಯೂಮಿ ಎಫೆಂದಿ ಕ್ರಿಮಿಯ ವಿಷಯದಲ್ಲಿ ಸುಮ್ಮನಾದದ್ದು ಅದೊಂದೇ ಸಲ. 

ಕೊನೆಗೆ ಹೇಳಿದರು, ಗುಡಾಣ ಇರಲಿ. ಆದರೆ ನದಿಯ ನೀರು ಬೇಡ, ನಲ್ಲಿಯ ನೀರನ್ನು ಕುದಿಸಿ ಆರಿಸಿ ತುಂಬಬೇಕು. ಸರಪಳಿ ಬಿಚ್ಚಬೇಕು. ಬಟ್ಟಲು ನಿಮ್ಮ ಕೈಯಲ್ಲೇ ಇರಲಿ ತಾಯೀ, ಯಾರ ತುಟಿಯೂ ತಾಗಬಾರದು, ನೀವು ಎತ್ತಿ ಸುರಿಯಿರಿ, ಅವರು ಬೊಗಸೆಯೊಡ್ಡಿ ಕುಡಿಯಲಿ. ಆಕೆ ಅವರ ಮುಖವನ್ನೇ ಬಹಳ ಹೊತ್ತು ನೋಡಿ ಆಗಲಿ ಎಂದಳು. ಮೇಲಿನವರಿಗೆ ಸುಳ್ಳು ಬರೆದು ಗೊತ್ತಿಲ್ಲದ ಮನುಷ್ಯ ಅಂದಿನ ಪುಸ್ತಕದಲ್ಲಿ ಹೀಗೆ ಬರೆದರು: ನಾಲ್ಕನೆಯ ಬಾಗಿಲು, ಒಬ್ಬ ಮುದುಕಿ ಕುಳಿತಿದ್ದಾಳೆ, ದೋಷವಿಲ್ಲ.

ಅಲ್ಲಿಂದ ಮುಂದೆ ಆಕೆ ಮಾಡಿದ ದರ್ಬಾರಿನ ಮುಂದೆ ಸುಣ್ಣದಪ್ಪ ಏನೂ ಅಲ್ಲ. ಮೂರು ಹೊತ್ತೂ ಒಲೆಯ ಮೇಲೆ ನೀರು. ಬಟ್ಟಲಿಗೆ ದಿನಕ್ಕೆ ಎರಡು ಸಲ ಬೂದಿ, ನಿಂಬೆಹುಳಿ. ಕುಡಿಯುವವರ ತುಟಿ ಗೇಣು ದೂರದಲ್ಲಿದ್ದರೂ ಗೆಣ್ಣಿನ ಮೇಲೆ ಏಟು ಬೀಳುತ್ತಿತ್ತು. ಮಸೀದಿಯ ಇಮಾಮರಿಗೂ ಒಮ್ಮೆ ಬಿತ್ತು. ಅವರು ಕೈ ಉಜ್ಜಿಕೊಳ್ಳುತ್ತಲೇ ಘಾನಿಂಗೆ ಕರುಣೆ ಬೇಡಿದರು. ಕಾಲರಾ ಹೋಯಿತು, ಆಕೆಯ ಏಟು ಹೋಗಲಿಲ್ಲ.

ಕಾಲ ಬದಲಾಯಿತು. ರಾಜ ಹೋದ, ಜನರ ತಲೆಯಿಂದ ಟರ್ಬೂಷ್ ಹೋಯಿತು, ಎಫೆಂದಿಯವರ ತಲೆಯಿಂದ ಮಾತ್ರ ಹೋಗಲಿಲ್ಲ. ಕೆಲಸದಿಂದ ನಿವೃತ್ತರಾಗಿ ಶಲಬಿಯ ಜಗಲಿಯ ಮೂಲೆ ಹಿಡಿದರು, ಗುಡಾಣ ನೇರಕ್ಕೆ ಕಾಣುವ ಮೂಲೆ. ಬೆಳಿಗ್ಗೆ ಒಂದು ಬೊಗಸೆ, ಸಂಜೆ ಒಂದು ಬೊಗಸೆ ನೀರು ಅಲ್ಲೇ. ಬಹುವಚನದ ಗೌರವ ಇಬ್ಬರೂ ಬಿಡಲಿಲ್ಲ, ಜಗಳವನ್ನೂ ಬಿಡಲಿಲ್ಲ.

ಒಂದು ದಿನ ತಟ್ಟೆ ಬಡಿಯಿತು, ಟಣ್, ಟಣ್. ಎಲ್ಲರಿಗಿಂತ ಮೊದಲು ಎದ್ದು ಓಡಿದವರು ಎಫೆಂದಿಯವರೇ. ಮೊಣಕಾಲು ನೋವನ್ನೂ ಮರೆತು ಮಿಲಾಯ ತೆಗೆದು ಗುಡಾಣಕ್ಕೆ ಹೊದಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಶಲಬಿ ನಕ್ಕ. ಬಂದವನು ವಗ್ದಿ ಎಂಬ ಹೊಸ ಇನ್‌ಸ್ಪೆಕ್ಟರು, ಬರಿತಲೆಯ ಹುಡುಗು ಮುಖದವನು, ಕಂಕುಳಲ್ಲಿ ಹಳೆಯ ಪುಸ್ತಕ.

"ಹನ್ನೆರಡು ವರ್ಷದಿಂದ ನಮ್ಮ ಪುಸ್ತಕದಲ್ಲಿ ಕೂತಿರೋ ಮುದುಕಿ ಇವರೇನಾ?" ಎಂದು ಕೇಳಿ, ಸಲಾಂ ಕೂಡ ಹೇಳದೆ ಮಿಲಾಯ ಎತ್ತಿಬಿಟ್ಟ.

ಮನೆಮನೆಗೂ ನಲ್ಲಿ ಬಂದ ಮೇಲೆ ಬೀದಿಯಲ್ಲಿ ಗುಡಾಣವೇಕೆ, ತೆಗೆಯಿರಿ ಎಂದ. ಘಾನಿಂನ ತಾಯಿ ಮಗನ ಕತೆ ಹೇಳಿದಳು. ಅವನೂ ಅದೇ ಪಾಠ ಓದಿದವನು, ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿದ. ಕೇಳಿ ಮುಗಿಸಿ, "ಹಾಗಾದ್ರೆ ಅಜ್ಜಿ, ಆ ಜ್ವರ ಬಂದಿದ್ದೇ ಈ..." ಎಂದು ಶುರುಮಾಡಿದ.

ಎಫೆಂದಿಯವರು ನಡುವೆ ನುಗ್ಗಿದರು. ಘಾನಿಂಗೆ ಬಿಸಿಲು ಬಡಿದಿತ್ತು, ನಾನೇ ವಿಚಾರಣೆ ಮಾಡಿದ್ದೆ, ದಕ್ಕೆಯ ಬಿಸಿಲು ಬಹಳ ಕೆಟ್ಟದ್ದು, ಆ ವರ್ಷ ನಾಲ್ಕು ಜನಕ್ಕೆ ಬಡಿದಿತ್ತು ಎಂದು ಒಂದೇ ಉಸಿರಿಗೆ ಹೇಳಿದರು. ಸುಳ್ಳು ರೂಢಿಯಿಲ್ಲದ ನಾಲಿಗೆ ತೊದಲಿತು. ಆಕೆ ಅವರ ತೋಳು ಮುಟ್ಟಿದಳು. ಹನ್ನೆರಡು ವರ್ಷದಲ್ಲಿ ಮುಟ್ಟಿದ್ದು ಅದೇ ಮೊದಲು.

"ಬಿಡಿ ಎಫೆಂದಿ. ನಂಗೊತ್ತು."

ಅವರು ಗೋಡೆಗೆ ಕೈಯಾನಿಸಿದರು. ಯಾವಾಗಿನಿಂದ ಎಂದು ಕೇಳಿದರು.

"ಬೂಲಾಕಿನ ಸತ್ತೋರ ಮನೇಲೆಲ್ಲ ಬಾಯಿ ಬಿಟ್ಟೋರು, ನನ್ನ ಮಗನ ಮಾತು ಬಂದಾಗ ಮಾತ್ರ ಬಾಯಿ ಮುಚ್ಕೊಂಡ್ರಲ್ಲ, ಅವತ್ತೇ ಗೊತ್ತಾಯ್ತು. ಇಲ್ದಿದ್ರೆ ಇಷ್ಟು ವರ್ಷ ಇನ್ನೊಬ್ಬರ ಮಕ್ಕಳ ತುಟಿ ತಾಗದ ಹಾಗೆ ಈ ಬಟ್ಟಲು ಕಾಯ್ತಿದ್ನಾ?"

ಆಕೆ ಬಟ್ಟಲು ತುಂಬಿ ವಗ್ದಿಯ ಕಡೆ ತಿರುಗಿದಳು. ಅವನು ಪುಸ್ತಕವನ್ನು ಕಂಕುಳಲ್ಲಿ ಒತ್ತಿಕೊಂಡು ಬೊಗಸೆಯೊಡ್ಡಿದ, ಕುಡಿದ, ಹೇಳಬೇಕಾದ ಮಾತನ್ನು ಯಾರೂ ಹೇಳಿಕೊಡದೆಯೇ ಹೇಳಿದ. ಗುಡಾಣದ ಸುದ್ದಿ ಮತ್ತೆ ಎತ್ತಲಿಲ್ಲ.

ಬಯ್ಯೂಮಿ ಎಫೆಂದಿ ಏನೋ ಹೇಳಲು ಬಾಯಿ ತೆರೆದರು.

"ಕೈ ಒಡ್ಡಿ," ಎಂದಳು ಆಕೆ, ಬಟ್ಟಲನ್ನು ಮೇಲೆತ್ತಿ. ಅವರು ಒಡ್ಡಿದರು. ಕಣ್ಣು ಬೊಗಸೆಯ ಮೇಲಿರದೆ ಆಕೆಯ ಮುಖದ ಮೇಲಿತ್ತು, ಅರ್ಧ ನೀರು ಕೋಟಿನ ಮೇಲೆಯೇ ಹೋಯಿತು, ಆಕೆ ಬೈದುಕೊಂಡು ಇನ್ನೊಂದು ಬಟ್ಟಲು ಮೊಗೆದಳು.