ಚಿಕ್ಕಬೋರಮ್ಮನ ರಾಣಿ ರೂಪಾಯಿ

ಜಯಪ್ರಕಾಶ್ ತನ್ನ ಮೊದಲ ನಾಣ್ಯ ಕೊಂಡ ಕಥೆಯನ್ನು ಮೂರು ಥರ ಹೇಳುತ್ತಿದ್ದ. ಮಂಡ್ಯದ ನಾಣ್ಯ ಬಳಗದವರ ಮುಂದೆ ಒಂದು ಥರ, ಮದ್ದೂರಿನ ಹೋಟೆಲಿನಲ್ಲಿ ವಡೆ ಮುರಿಯುತ್ತ ಇನ್ನೊಂದು ಥರ, ಹೊಸದಾಗಿ ನಾಣ್ಯದ ಹುಚ್ಚು ಹಿಡಿದವರು ಸಿಕ್ಕರೆ ಮತ್ತೊಂದು ಥರ. ಮೂರರಲ್ಲೂ ಮಳವಳ್ಳಿ ಸಂತೆ ಇರುತ್ತಿತ್ತು. ಸಂತೆಯ ಮೂಲೆಯಲ್ಲಿ ಗೋಣಿತಾಟು ಹಾಸಿಕೊಂಡು ಕೂತ ಗಿರಿಜಾ ಮೀಸೆಯ ಮುದುಕ ಇರುತ್ತಿದ್ದ. ಆ ಮುದುಕನ ತಾತ ಅರಮನೆಯ ಕುದುರೆ ಲಾಯದಲ್ಲಿದ್ದವನು. ಒಂದು ಗಂಟೆ ಚೌಕಾಸಿ. ಕೊನೆಗೆ ಮುದುಕ ಸೋತು, 'ನೀನು ಆಸಾಮಿ ಕಣಪ್ಪ' ಎಂದು ನಾಣ್ಯವನ್ನು ಅಂಗೈಗೆ ಹಾಕುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು. ತಮಾಷೆ ಏನೆಂದರೆ, ಆ ನಾಣ್ಯ ಕೊಳ್ಳುವ ಕಾಲಕ್ಕೆ ಈ ಮಹಾನುಭಾವ ಮಳವಳ್ಳಿ ಸಂತೆಯನ್ನು ಕಣ್ಣಿಂದಲೂ ಕಂಡಿರಲಿಲ್ಲ.

ಜಯಪ್ರಕಾಶನಿಗೆ ಈಗ ಐವತ್ತು ದಾಟಿದೆ. ಕೊಪ್ಪದ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಆಧಾರ್ ಕಾರ್ಡು, ಪಹಣಿ, ಜಾತಿ ಸರ್ಟಿಫಿಕೇಟು, ಸುತ್ತಮುತ್ತಲ ಹಳ್ಳಿಗಳ ಗುಟ್ಟೆಲ್ಲ ಅವನ ಮಿಷನ್ನಿನ ಗಾಜಿನ ಮೇಲೆ ಬೋರಲು ಬಿದ್ದು ಎದ್ದು ಹೋಗಿದೆ. ಅಂಗಡಿಯಿಂದ ಎರಡು ಮೈಲಿ ದೂರದ ಊರಲ್ಲಿ ಮನೆ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು ದೀಪಿಕ. ಮನೆಯ ಬೀರುವಿನಲ್ಲಿ ಸೀರೆಗಿರಬೇಕಾದ ಜಾಗದಲ್ಲಿ ನಾಣ್ಯದ ಆಲ್ಬಮ್ಮುಗಳು. ಇದಕ್ಕೆ ಹೆಂಡತಿ ಏನನ್ನುತ್ತಾಳೆ ಎಂಬುದನ್ನು ಇಲ್ಲಿ ಬರೆಯದಿರುವುದೇ ವಾಸಿ.

ನಿಜವಾಗಿ ನಡೆದದ್ದು ಇಷ್ಟು. ಹತ್ತೊಂಬತ್ತರ ವಯಸ್ಸು, ಪಿಯುಸಿ ಫೇಲು. ವಾರಪತ್ರಿಕೆಯೊಂದರಲ್ಲಿ ಹಳೇ ನಾಣ್ಯಗಳ ಬಗ್ಗೆ ಓದಿ ತಲೆ ತಿರುಗಿದ ಹುಡುಗ ತನ್ನ ಊರಲ್ಲೇ ಮನೆಮನೆ ಸುತ್ತಿದ. ಹಿಂದಿನ ಬೀದಿಯ ಚಿಕ್ಕಬೋರಮ್ಮ ಒಳಗಿನಿಂದ ಒಂದು ಬೆಳ್ಳಿ ರೂಪಾಯಿ ತಂದು ತೋರಿಸಿದಳು. ವಿಕ್ಟೋರಿಯಾ ರಾಣಿಯದು, ಸಾವಿರದ ಎಂಟುನೂರ ಅರವತ್ತೆರಡು. ಬರೀ ಬೆಳ್ಳಿಯ ತೂಕಕ್ಕೇ ಎಪ್ಪತ್ತು ರೂಪಾಯಿ ಬಾಳುತ್ತದೆಂದು ಮಂಡ್ಯದ ಚಿನಿವಾರರಿಂದ ಅವನು ಆಗಲೇ ತಿಳಿದುಕೊಂಡಿದ್ದ. ಆದರೂ ಮುಖ ಹುಳ್ಳಗೆ ಮಾಡಿ ಮೂವತ್ತು ಎಂದ. ಅವಳು ಮೂವತ್ತೈದು ಎಂದಳು. ಅವನು ನಿಟ್ಟುಸಿರು ಬಿಟ್ಟು, ಏನೋ ದೊಡ್ಡ ಉಪಕಾರ ಮಾಡುವವನಂತೆ ಮೂವತ್ತೈದು ಎಣಿಸಿದ. ಬೀದಿ ತಿರುಗುವವರೆಗೆ 'ಪಾಪ, ಏನೂ ಅರಿಯದ ಹೆಂಗಸು' ಎನಿಸಿತು. ತಿರುಗಿದ ಮೇಲೆ ಕುಣಿದಾಡಿಕೊಂಡು ಮನೆಗೆ ಓಡಿದ.

ಇಪ್ಪತ್ತು ದಿನ ಕಳೆದಿರಲಿಲ್ಲ, ಬೆಳಗ್ಗೆ ಬೆಳಗ್ಗೆಯೇ ಬಾಗಿಲು ಬಡಿದರು. ಊರಿನ ತಿಮ್ಮಯ್ಯ ತೀರಿಕೊಂಡಿದ್ದ. ಅವನ ಮಗ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ನಿಂತಿದ್ದ.

"ಜಯಪ್ಪ, ಕಾಸ್ ಕೊಡು."

"ಯಾವ ಕಾಸು?"

"ಇನ್ಯಾವ್ದು? ಅಣೆಗೆ ಮಡ್ಗೋ ಕಾಸು. ಚಿಕ್ಕಬೋರಮ್ಮನ್ನ ಕೇಳುದ್ರೆ ಜಯಪ್ರಕಾಸನ್ ಅತ್ರ ಅದೆ ಓಗಿ ಅಂದ್ಲು."

ಹೆಣದ ಹಣೆಗೆ ಅರಿಶಿನದಲ್ಲಿ ಬೆಳ್ಳಿ ಕಾಸು ಅಂಟಿಸುವುದನ್ನು ಜಯಪ್ರಕಾಶನೂ ಕಂಡಿದ್ದ. ಆದರೆ ಊರಿಗೆಲ್ಲ ಇರುವುದು ಒಂದೇ ಕಾಸು, ಅದೇ ಸಾವಿನ ಮನೆಯಿಂದ ಸಾವಿನ ಮನೆಗೆ ಹೋಗಿ ಬರುತ್ತದೆ ಎಂದು ಹತ್ತೊಂಬತ್ತರ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಹತ್ತಿರ ಹೋಗಿ ಬಗ್ಗಿ ಇಸವಿ ಓದುವಂಥ ಜಾಗವೇ ಅದು? ಅವನು ಬೇರೆ ಬೆಳ್ಳಿ ಕಾಸು ಕೊಡಿಸುತ್ತೇನೆಂದ. ತಿಮ್ಮಯ್ಯನ ಮಗ ಒಪ್ಪಲಿಲ್ಲ. "ನಮ್ಮವ್ವಂಗೂ ಅದ್ನೇ ಮಡ್ಗಿದ್ದು, ಅಪ್ಪಂಗೂ ಅದೇ ಆಗ್ಬೇಕು" ಎಂದು ಅಲ್ಲೇ ಜಗಲಿಯ ಮೇಲೆ ಕೂತ. ಒಳಗಿನಿಂದ ಜಯಪ್ರಕಾಶನ ತಾಯಿ ಕೂಗಿದಳು: "ಕೊಡ್ಲಾ ಮೂದೇವಿ, ಅಲ್ಲಿ ಎಣ ಕಾಯ್ತಾ ಅದೆ!"

ಕೊಟ್ಟ. ಮಾರನೇ ದಿನ ಕಾಸು ವಾಪಸ್ಸು ಬಂತು. ಸೂತಕದ ಕಾಸೆಂದು ಪಾಪ ಅವರು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದು ಕಳಿಸಿದ್ದರು. ರಾಣಿ ಫಳಫಳ ಹೊಳೆಯುತ್ತಿದ್ದಳು. ಹಳೇ ನಾಣ್ಯವನ್ನು ಯಾವ ಕಾರಣಕ್ಕೂ ತೊಳೆಯಬಾರದು, ಉಜ್ಜಬಾರದು, ಬರಿಗೈಯಲ್ಲಿ ಮುಟ್ಟಲೂಬಾರದು ಎಂದು ಓದಿಕೊಂಡಿದ್ದ ಜಯಪ್ರಕಾಶನಿಗೆ ಆವತ್ತು ತಿಮ್ಮಯ್ಯನ ಮನೆಯವರಿಗಿಂತ ಹೆಚ್ಚು ದುಃಖವಾಯಿತು.

ಅಂದಿನಿಂದ ಅವನು ಕಾಸನ್ನು ಯಾರ ಕೈಗೂ ಕೊಡಲಿಲ್ಲ. ಯಾರು ಸತ್ತರೂ ತಾನೇ ಹೋಗುವುದು, ತಾನೇ ಅಂಟಿಸುವುದು, ಹೆಣ ಎತ್ತುವವರೆಗೂ ಪಕ್ಕದಲ್ಲೇ ನಿಂತು, ಎತ್ತುವ ಗಳಿಗೆಯಲ್ಲಿ ತೆಗೆದು ಹತ್ತಿಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಸೀದಾ ಅಂಗಡಿಗೆ ಹೊರಡುವುದು. ಮೂವತ್ತು ವರ್ಷ ಮೇಲಾಯಿತು, ಇದೇ ಕೆಲಸ. ಈಚೆಗೆ ಮದ್ದೂರಿನಿಂದ ಬಾಡಿಗೆಗೆ ಐಸ್ ಪೆಟ್ಟಿಗೆ ತರಿಸುತ್ತಾರಲ್ಲ, ಆಗಂತೂ ಅವನು ಗಾಜಿನ ಮೇಲೆ ಬಗ್ಗಿ ನೋಡುತ್ತ ನಿಂತಿರುತ್ತಿದ್ದ. ಅವನ ಸಂಗ್ರಹದಲ್ಲಿ ಗಾಜಿನೊಳಗೆ ಇಟ್ಟು ಜನ ಸಾಲಾಗಿ ಬಂದು ನೋಡಿದ ನಾಣ್ಯ ಅದೊಂದೇ.

ಊರವರು ಅವನಿಗೆ 'ಅಣೆಕಾಸು ಜಯಣ್ಣ' ಎಂದು ಹೆಸರಿಟ್ಟರು. ಕಾಯಿಲೆಯವರನ್ನು ನೋಡಲು ಹೋಗುವ ಭಾಗ್ಯ ಅವನಿಗೆ ತಪ್ಪಿಹೋಯಿತು. ಬಾಲ್ಯದ ಗೆಳೆಯ ಮಹದೇವು ಮೈಸೂರಿನಲ್ಲಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಮಲಗಿದ್ದಾಗ, ಇವನು ಸೇಬು ಹಿಡಿದುಕೊಂಡು ವಾರ್ಡಿಗೆ ಹೋದ. ಮಹದೇವು ಡ್ರಿಪ್ ಹಾಕಿದ್ದ ಕೈಯನ್ನೇ ಮೇಲೆತ್ತಿ ತಡೆದ. "ಅಲ್ಲೇ ನಿಂತ್ಕೊಳ್ಲಾ. ಮೊದ್ಲು ಜೇಬ್ ತೋರ್ಸು."

ಇಂಥವನಿಗೆ ಮಂಡ್ಯದಿಂದ ಶಶಿಧರ್ ಫೋನು ಮಾಡಿದ. ಶಶಿಧರ್ ನಾಣ್ಯ ಬಳಗದ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತನಾದವನು. ಎಲ್ಲವನ್ನೂ ಎರಡು ಸಲ ಪರೀಕ್ಷಿಸುವ ಚಾಳಿ. ಈ ಸಲದ ಪ್ರದರ್ಶನದಲ್ಲಿ ಪ್ರತಿಯೊಬ್ಬರೂ ತಮ್ಮ ಮೊದಲ ನಾಣ್ಯವನ್ನು ಇಡಬೇಕು, ಜೊತೆಗೆ ಅದನ್ನು ಕೊಂಡ ನೆನಪು ಬರೆದ ಒಂದು ಕಾರ್ಡು. "ಕಥೆ ಬೇಡ ಜಯಪ್ರಕಾಶ್, ನಡೆದದ್ದು ಬರೀರಿ. ಮಾರಿದವರ ಹೆಸರು ಇರಲಿ. ಬದುಕಿದ್ದರೆ ಅವರದೊಂದು ಫೋಟೋ."

ಕಾರ್ಡಿನಲ್ಲಿ 'ಮಳವಳ್ಳಿ' ಎಂದು ಬರೆದ. ಹೊಡೆದುಹಾಕಿದ. ಮತ್ತೆ ಬರೆದ, ಮತ್ತೆ ಹೊಡೆದ. ಚಿಕ್ಕಬೋರಮ್ಮ ಬದುಕಿದ್ದಳು. ಸಂಕ್ರಾಂತಿಯ ಹೊತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದವಳು ಮತ್ತೆ ಎದ್ದು ಓಡಾಡಿರಲಿಲ್ಲ. ಎಂಬತ್ತಾರು ವರ್ಷ. ಇವತ್ತೋ ನಾಳೆಯೋ ಎಂದು ಊರು ಮಾತಾಡಿಕೊಳ್ಳುತ್ತಿತ್ತು. ಅವಳು ಹೋದರೆ, ಅವಳ ಕಣ್ಣಿಗೆ ಮಣ್ಣೆರಚಿ ಕೊಂಡ ಕಾಸನ್ನು ಅವಳ ಹಣೆಗೇ ಅಂಟಿಸಿ, ಎತ್ತುವಾಗ ಅದನ್ನೂ ಕಿತ್ತುಕೊಂಡು ಬರಬೇಕು. ಅದನ್ನು ನೆನೆದರೆ ಜಯಪ್ರಕಾಶನಿಗೆ ಅನ್ನ ಇಳಿಯುತ್ತಿರಲಿಲ್ಲ. ಥೂ, ಇಷ್ಟು ಮಾನಗೇಡಿ ಕೆಲಸ ನನ್ನಿಂದ ಆಗದು, ಅವಳು ಕಣ್ಣು ಬಿಟ್ಟಿರುವಾಗಲೇ ತಪ್ಪೊಪ್ಪಿಕೊಂಡು ಕಾಸನ್ನು ಅವಳ ಕೈಗೆ ವಾಪಸ್ಸು ಹಾಕಿಬಿಡಬೇಕು ಎಂದು ತೀರ್ಮಾನಿಸಿದ. ಆದರೆ ಹಾಸಿಗೆ ಹಿಡಿದ ಮುದುಕಿಯ ಮನೆಗೆ ಅಣೆಕಾಸು ಜಯಣ್ಣ ಹೋಗುವುದು ಹೇಗೆ? ಅದೂ ಜೇಬಲ್ಲಿ ಆ ಕಾಸನ್ನೇ ಇಟ್ಟುಕೊಂಡು?

ಒಂದು ಭಾನುವಾರ ಗಟ್ಟಿ ಮನಸ್ಸು ಮಾಡಿ ಹೊರಟ. ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದ ಚಿಕ್ಕಬೋರಮ್ಮನ ಸೊಸೆ ತಲೆಯೆತ್ತಿ ನೋಡಿದ್ದೇ ತಡ, ಕೈಲಿದ್ದ ಚೊಂಬು ಠಣ್ಣೆಂದು ಬಿತ್ತು.

"ಅಯ್ಯಯ್ಯೋ, ಇನ್ನೂ ಉಸ್ರಾಡ್ತಾ ಅವ್ಳೆ ಕಣಣ್ಣೋ! ಯಾರ್ ಏಳುದ್ರು ನಿಂಗೆ?"

"ಯಾರೂ ಏಳ್ನಿಲ್ಲ ಕಣಮ್ಮ. ಸುಮ್ನೆ ಮಾತಾಡ್ಸ್ಕೊಂಡ್ ಓಗವಾ ಅಂತ ಬಂದೆ."

ಗದ್ದಲಕ್ಕೆ ಕೊಟ್ಟಿಗೆಯಿಂದ ಮಗ ಮರಿಸಿದ್ದಯ್ಯ ಬಂದ. ಅವನೂ ಅರವತ್ತು ದಾಟಿದವನು. ಬಾಗಿಲಿಗೆ ಅಡ್ಡ ನಿಂತು, "ಜೇಬಲ್ಲೇನದೆ?" ಎಂದ. ಜಯಪ್ರಕಾಶ್ ನೆಲ ನೋಡಿದ. ಅಷ್ಟರಲ್ಲಿ ಒಳಗಿನಿಂದ ಗೊಗ್ಗರು ದನಿ ಬಂತು. "ಬುಡ್ರೋ ಅವನ್ನ. ಅವ್ನ್ ಬಂದ್ ತಕ್ಷಣ ಸಾಯಾಕೆ ನಾನೇನ್ ಅವ್ನ್ ಕೂಲಿಯವ್ಳಾ?"

ಚಿಕ್ಕಬೋರಮ್ಮ ಕಿಟಕಿ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಎಲೆಯಡಿಕೆ ಕುಟ್ಟುತ್ತಿದ್ದಳು. ಜಯಪ್ರಕಾಶ್ ಕೂರಲೂ ಇಲ್ಲ. ಹತ್ತಿ ಬಿಚ್ಚಿ ಕಾಸನ್ನು ಅವಳ ಅಂಗೈಗಿಟ್ಟು, ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಂದೇ ಉಸಿರಲ್ಲಿ ಒಪ್ಪಿಸಿದ. "ದೊಡ್ಡವ್ವ, ನಾನ್ ನಿಂಗೆ ಮೋಸ ಮಾಡ್ಬುಟ್ಟೆ. ಅವತ್ತೇ ಅದು ಎಪ್ಪತ್ ರೂಪಾಯ್ ಬಾಳ್ತಿತ್ತು. ಗೊತ್ತಿದ್ದೂ ಮೂವತ್ತೈದ್ಕೆ ಒಡ್ಕೊಂಡೋದೆ. ತಕೋ, ನಿನ್ ಕಾಸು ನಿಂಗೇ ಇರ್ಲಿ."

ಮುದುಕಿ ಕಾಸನ್ನು ನೋಡಿದಳು. ಅವನನ್ನು ನೋಡಿದಳು. ಆಮೇಲೆ ನಗಲು ಶುರುಮಾಡಿದಳು ನೋಡಿ, ನಕ್ಕೂ ನಕ್ಕೂ ಕೆಮ್ಮು ಹತ್ತಿತು. ಸೊಸೆ ನೀರು ಹಿಡಿದುಕೊಂಡು ಓಡಿಬಂದು ಜಯಪ್ರಕಾಶನನ್ನು ದುರುಗುಟ್ಟಿಕೊಂಡು ನೋಡಿದಳು.

"ಎಪ್ಪತ್ ರೂಪಾಯ್ ಬೆಳ್ಳಿ ಅಂತ ನಂಗ್ ಗೊತ್ತಿರ್ನಿಲ್ವಾ? ಅಪ್ಪನ್ ಮನೇಲಿ ಬೆಳ್ಳಿ ಡಾಬು ಆಕ್ಕೊಂಡ್ ತಿರುಗ್ದೋಳು ಕಣ್ಲಾ ನಾನು. ಮದ್ವೆ ಆದ್ ವರ್ಸ್ವೇ ನಮ್ಮತ್ತೆ ಈ ಪೀಡೇನ ನನ್ ಕುತ್ಗೆಗ್ ಕಟ್ಟುದ್ಲು. ಅವತ್ನಿಂದ ಬಾಗ್ಲು ತಟ್ಟುದ್ರೆ ಸಾವು. ಮಗಳ್ನ ನೋಡಾಕೆ ಗಂಡಿನ್ ಕಡೆಯೋರ್ ಬಂದ್ ಕೂತವ್ರೆ, ಉಪ್ಪಿಟ್ಟು ತಟ್ಟೇಲದೆ, ಒಬ್ಬ ಬಂದು 'ಎಣ ತೊಳ್ದಾಯ್ತು, ಕಾಸ್ ಕೊಡವ್ವ' ಅಂದ. ಬಂದೋರು ಕೈ ತೊಳ್ದು ಎದ್ದೋದ್ರು. ಅವತ್ತೇ ಅಂದ್ಕೊಂಡೆ, ಯಾವನಾರ ಪೆದ್ದ ಸಿಕ್ಕುದ್ರೆ ದಾಟಿಸ್ಬುಡವ ಅಂತ. ಬಿಟ್ಟಿ ಕೊಡ್ತೀನಿ ಅಂದ್ರೂ ಊರಲ್ಲಿ ಒಬ್ರೂ ಈಸ್ಕಳ್ನಿಲ್ಲ. ನೀನು ದುಡ್ ಕೊಟ್ಟು ತಕ್ಕೊಂಡೋದೆ!"

ಜಯಪ್ರಕಾಶನ ಮುಖ ಕಪ್ಪಿಟ್ಟಿತು. ಎದೆಯ ಭಾರ ಇಳಿಯಬೇಕಿತ್ತು, ಇಳಿಯಲಿಲ್ಲ. ಮೂವತ್ತು ವರ್ಷ ಅವನು ಪಾಪಿಯಾಗಿದ್ದು ನಿಜ, ಆದರೆ ಜಾಣ ಪಾಪಿಯಾಗಿದ್ದ. ಆ ಒಂದು ಜಾಣತನದ ಮೇಲೆಯೇ ಮಳವಳ್ಳಿ ಸಂತೆ ನಿಂತಿತ್ತು, ಮೀಸೆಯ ಮುದುಕ ಕೂತಿದ್ದ. ಈಗ ನೋಡಿದರೆ ಬೇಸ್ತು ಬಿದ್ದವನು ತಾನೇ! ಸಿಟ್ಟು ನೆತ್ತಿಗೇರಿತು.

"ಅಲ್ಲ ದೊಡ್ಡವ್ವ, ಮೂವತ್ತು ಅಂದ್ರೆ ಮೂವತ್ತೈದು ಕೊಡು ಅಂತ ಚೌಕಾಸಿ ಬೇರೆ ಮಾಡ್ದೆಯಲ್ಲ!"

"ಮಾಡ್ದೆ ಓಗಿದ್ರೆ ನಿಂಗೆ ಅನುಮಾನ ಬರ್ತಿರ್ನಿಲ್ವಾ?"

ಚಿಕ್ಕಬೋರಮ್ಮ ಕಾಸನ್ನು ವಾಪಸ್ಸು ಅವನ ಕೈಗಿಟ್ಟು ಬೆರಳು ಮಡಚಿದಳು. ನಗು ನಿಂತಿತ್ತು.

"ಒಂದ್ ಮಾತ್ ಏಳ್ತೀನಿ ಕೇಳು ಮಗ. ನಾನು ಕಾಸ್ ಎಸ್ದು ಬಾಗ್ಲಾಕ್ಕೊತಿದ್ದೆ. ಒಂದ್ ದಿಸ್ವೂ ಎಣದ್ ಅತ್ರ ಓಗಿ ನಿಂತೋಳಲ್ಲ. ನೀನು ಅಂಗಲ್ಲ. ಬಡವ್ರು, ಸಾವ್ಕಾರ್ರು ಅನ್ನಾಕಿಲ್ಲ, ಬೆಳಗ್ಗಿಂದ ಎಣ ಎತ್ತೋಗಂಟ ಅವ್ರ್ ತಲೆ ಅತ್ರಾನೇ ನಿಂತಿರ್ತೀಯ. ಸ್ವಂತ ಮಕ್ಳು ಬೀಡಿ ಸೇದಾಕೆ ಓಗಿರ್ತವೆ, ನೀನ್ ಕದಲಾಕಿಲ್ಲ. ಪೆದ್ದಂಗೆ ಮಾರ್ದೆ ಅಂದ್ಕೊಂಡಿದ್ದೆ, ದೇವ್ರಂಥೋನ್ಗೆ ಮಾರ್ಬುಟ್ಟಿದ್ದೆ."

ನಾನು ನಿಂತಿದ್ದು ಕಾಸು ಕಾಯಲಿಕ್ಕೆ ಕಣವ್ವ, ಯಾರಾದರೂ ಹುಣಸೆಹಣ್ಣು ತಂದುಬಿಡುತ್ತಾರೇನೋ ಎಂಬ ಭಯಕ್ಕೆ. ಈ ಮಾತು ಜಯಪ್ರಕಾಶನ ನಾಲಿಗೆಯ ತುದಿಗೆ ಬಂತು. ಒಂದು ತಪ್ಪು ಒಪ್ಪಿಕೊಳ್ಳಲು ಬಂದವನು ಇನ್ನೊಂದನ್ನೂ ಒಪ್ಪಿಕೊಂಡಿದ್ದರೆ ಅಂದೇ ಎಲ್ಲ ಚುಕ್ತಾ ಆಗಿಹೋಗುತ್ತಿತ್ತು. ಆದರೆ ಮುದುಕಿ ಅವನ ಮುಖವನ್ನು ಅಷ್ಟು ಅಕ್ಕರೆಯಿಂದ ನೋಡುತ್ತಿದ್ದಳು. ಹೇಳಲು ಬಾಯಿ ಬರಲಿಲ್ಲ. ಜೀವಮಾನದಲ್ಲಿ ಅವನಿಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

"ನಂಗೆ ಈ ರಾಣಿ ಬ್ಯಾಡ" ಎಂದಳು ಅವಳು. "ಊರೋರ್ ಅಣೆ ಮೇಲೆಲ್ಲ ಕೂತ್ ಬಂದವ್ಳೆ. ಅದೇ ಹತ್ರೂಪಾಯ್ ಕಾಸ್ ಬಂದದ್ಯಲ್ಲ, ಎಲ್ಡ್ ಬಣ್ಣದ್ದು, ಅದ್ನ ಮಡ್ಗಿ. ಅಂಗ್ಡಿಯೋರಂತೂ ಈಸ್ಕಳಾಕಿಲ್ಲ, ಯಮನಾದ್ರೂ ಈಸ್ಕತಾನೇನೋ ನೋಡವ. ನೀನು ಕಾಸ್ ತರ್ಬ್ಯಾಡ. ಬಂದ್ ನಿಂತ್ಕೋ, ಸಾಕು."

"ಬತ್ತೀನವ್ವ" ಎಂದ ಜಯಪ್ರಕಾಶ್.

ಫೋಟೋಗೆ ಅವಳು ಹೊಸ ಸೀರೆ ಉಡಿಸಿಕೊಂಡು, ತಲೆ ಬಾಚಿಸಿಕೊಂಡು, ಗತ್ತಿನಿಂದಲೇ ಕೂತಳು. ಪ್ರದರ್ಶನದ ಕಾರ್ಡಿನಲ್ಲಿ ಅವನು ಮೂರೇ ಸಾಲು ಬರೆದ: ಮಾರಿದವರು ಚಿಕ್ಕಬೋರಮ್ಮ. ಬೆಲೆ ಮೂವತ್ತೈದು ರೂಪಾಯಿ. ಟೋಪಿ ಹಾಕಿಸಿಕೊಂಡವನು ನಾನು. ಶಶಿಧರ್ ಎರಡು ಸಲ ಓದಿದ. "ಕೊನೇ ಸಾಲು ಎಲ್ಲರ ಕಾರ್ಡಿನಲ್ಲೂ ಇರಬೇಕಿತ್ತು ಕಣ್ರೀ" ಎಂದ. ರಾಣಿಯ ಮುಖ ತಲೆಮಾರುಗಳ ಹುಣಸೆಹಣ್ಣಿಗೆ ಸವೆದು ಮೂಗು ಯಾವುದು ಗಲ್ಲ ಯಾವುದು ತಿಳಿಯದಂತಾಗಿತ್ತು. ನೋಡಲು ಬಂದವರು ಕಾಸಿಗಿಂತ ಹೆಚ್ಚು ಹೊತ್ತು ಫೋಟೋದಲ್ಲಿದ್ದ ಮುದುಕಿಯನ್ನೇ ನೋಡಿ ಮುಂದೆ ಹೋಗುತ್ತಿದ್ದರು.

ಆಷಾಢದಲ್ಲಿ ಚಿಕ್ಕಬೋರಮ್ಮ ಹೋದಳು. ಈ ಸಲ ಜಯಪ್ರಕಾಶನ ಬಾಗಿಲನ್ನು ಯಾರೂ ಬಡಿಯಲಿಲ್ಲ. ಸುದ್ದಿ ಕೇಳಿ ತಾನೇ ಹೋದ. ಶಾಮಿಯಾನದ ಕೆಳಗೆ ಕೂತಿದ್ದ ಮಹದೇವು ಅಭ್ಯಾಸದಂತೆ ಅವನ ಜೇಬಿನ ಕಡೆ ಕಣ್ಣು ಹಾಯಿಸಿ, "ಎಲ್ಲಿ ಕಾಸು?" ಎಂದ.

"ತಂದಿಲ್ಲ ಕಣ್ಲಾ. ಬ್ಯಾಡ ಅಂದವ್ಳೆ."

"ಮತ್ತೆ ನೀನ್ಯಾಕ್ ಬಂದೆ?"

ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ. ಜಯಪ್ರಕಾಶ್ ಹೋಗಿ ತಲೆಯ ಹತ್ತಿರ ನಿಂತ. ಮರಿಸಿದ್ದಯ್ಯ ಅರಿಶಿನ ಮೆತ್ತಿ ಹತ್ತು ರೂಪಾಯಿ ಕಾಸನ್ನು ಅಂಟಿಸುತ್ತಿದ್ದ. ಅದು ಎರಡು ಸಲ ಜಾರಿತು. ಜಯಪ್ರಕಾಶ್ ಬಗ್ಗಿ ಹೆಬ್ಬೆರಳಿನಿಂದ ಒತ್ತಿ, ಅರಿಶಿನ ಒಣಗುವವರೆಗೂ ಹಿಡಿದುಕೊಂಡ.

ಮಧ್ಯಾಹ್ನ ತಮಟೆ ಶುರುವಾಯಿತು. ಹೆಣ ಎತ್ತಿದರು. ತೆಗೆದುಕೊಳ್ಳುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ಅಂಗಡಿಗೆ ಯಾವಾಗ ಹೊರಡಬೇಕೆಂದೇ ಅವನಿಗೆ ತಿಳಿಯಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟ. ಕಬ್ಬಿನ ಗದ್ದೆಯ ಅಂಚಿನವರೆಗೂ ನಡೆದ. ಗುಂಡಿಗಿಳಿಸಿದರು, ಕಾಸನ್ನು ಯಾರೂ ತೆಗೆಯಲಿಲ್ಲ. ಮೂರು ಹಿಡಿ ಮಣ್ಣು ಹಾಕುವಾಗ ಜಯಪ್ರಕಾಶ್ ಗೊಳೋ ಎಂದು ಅತ್ತ. ಎಷ್ಟು ಅತ್ತನೆಂದರೆ, ತಾಯಿ ಕಳೆದುಕೊಂಡ ಮರಿಸಿದ್ದಯ್ಯನೇ ಬಂದು, "ಸುಮ್ಕಿರಪ್ಪ, ವಯಸ್ಸಾಗಿತ್ತು" ಎಂದು ಅವನ ಬೆನ್ನು ಸವರಬೇಕಾಯಿತು.

ಸಂಜೆ ಸ್ನಾನ ಮಾಡಿ ಕೂತಿದ್ದಾಗ ದೀಪಿಕ ಕೇಳಿದಳು, ಅಜ್ಜಿಗೆ ಇಟ್ಟ ಹತ್ತು ರೂಪಾಯಿ ಯಾವ ಇಸವಿಯದು, ಯಾವ ಟಂಕಸಾಲೆಯದು ಅಂತ. ಅಷ್ಟು ಹೊತ್ತು ಹೆಬ್ಬೆರಳಿನ ಕೆಳಗೇ ಹಿಡಿದುಕೊಂಡಿದ್ದರೂ ಅವನು ನೋಡಿರಲಿಲ್ಲ.